ಎಲ್ಲರ ಗಡಿಯಾರವೂ ಮುಂದೆ

ದೊಡ್ಡ ಮನುಷ್ಯರು ಅನ್ನಿಸಿಕೊಂಡವರ ಯೋಗ್ಯತೆ ತಿಳಿಯಬೇಕಾದರೆ ಅವರ ಕೈಗೆ ಒಂದು ವೈರ್‌ಲೆಸ್ ಸೆಟ್ಟು ಕೊಟ್ಟು ನೋಡಬೇಕು. ನಾನು ನೋಡಿದ್ದೇನೆ. ತೊಂಬತ್ತರ ದಶಕದ ಕೊನೆಯ ವರ್ಷಗಳಲ್ಲಿ, ಮಂಡಿ ಮೊಹಲ್ಲಾದ ಒಂದು ದವಸದ ಮಳಿಗೆಯ ಮಹಡಿಯಲ್ಲಿ ಕೂತು ಊರಿನ ಗಣ್ಯರ ಮಾತನ್ನು ಬೆಳಿಗ್ಗೆಯಿಂದ ಸಂಜೆಯವರೆಗೆ ಕೇಳುವುದೇ ನನ್ನ ಉದ್ಯೋಗವಾಗಿತ್ತು. ಗಣ್ಯರು ಎಂಬ ಮಾತು ಕಿವಿಗೆ ಬಿದ್ದರೆ ಈಗಲೂ ನನಗೆ ನಗು ಬರುತ್ತದೆ. ಒಳ್ಳೆಯ ನಗುವೇನಲ್ಲ.

ನಾನು ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮಾಡಿದವಳು. ನಜರ್‌ಬಾದಿನ ನಮ್ಮ ಬಾಡಿಗೆ ಮನೆಗೆ ಯಾರೋ ಸುದ್ದಿ ತಂದರು: ಮಂಡಿಯ ವ್ಯಾಪಾರಿಗಳೆಲ್ಲ ಸೇರಿ ಒಂದು ಸೇವಾ ಟ್ರಸ್ಟ್ ಮಾಡಿದ್ದಾರೆ, ಎರಡು ಆಂಬುಲೆನ್ಸ್ ತಂದಿದ್ದಾರೆ, ವೈರ್‌ಲೆಸ್ ನೋಡಿಕೊಳ್ಳಲು ಓದಿದ ಹುಡುಗಿ ಬೇಕಂತೆ. ಮೊಬೈಲು ಆಗಿನ್ನೂ ನಮ್ಮಂಥವರ ಕೈಗೆ ಬಂದಿರಲಿಲ್ಲ. ಒಂದು ಆಂಬುಲೆನ್ಸ್ ನಜರ್‌ಬಾದಿನಲ್ಲಿ, ಇನ್ನೊಂದು ಹೂಟಗಳ್ಳಿಯಲ್ಲಿ ನಿಲ್ಲುತ್ತಿತ್ತು. ಜನ ಕಚೇರಿಗೆ ಫೋನು ಮಾಡುವುದು, ನಾನು ವೈರ್‌ಲೆಸ್ಸಿನಲ್ಲಿ ಗಾಡಿಗೆ ಹೇಳುವುದು, ಗಾಡಿ ಹೊರಡುವುದು. ವ್ಯವಸ್ಥೆ ಇಷ್ಟೇ. ಯಾವುದೋ ಮಠದ ಸ್ವಾಮಿಗಳ ಸಮ್ಮುಖದಲ್ಲಿ ಉದ್ಘಾಟನೆಯಾಯಿತು. ಕೊನೆಯ ಭಾಷಣ ಮುಗಿಯುವ ಹೊತ್ತಿಗೆ ಆಂಬುಲೆನ್ಸಿಗೆ ಹಾಕಿದ್ದ ಹಾರ ಬಾಡಿ ಹೋಗಿತ್ತು.

ಎರಡು ಗಾಡಿಗೆ ಎರಡು ಸೆಟ್ಟು, ಕಚೇರಿಗೆ ಒಂದು. ಮೂರರಲ್ಲಿ ಮುಗಿಯಬೇಕಾದ ಕೆಲಸ. ಆದರೆ ಅಧ್ಯಕ್ಷರಿಗೆ ತಮ್ಮ ಮನೆಯಲ್ಲೂ ಒಂದು ಬೇಕೆನಿಸಿತು. ಅವರು ದವಸದ ಸಗಟು ವ್ಯಾಪಾರಿ, ನಮ್ಮ ಕಚೇರಿಯ ಕೆಳಗಿನ ಮಳಿಗೆ ಅವರದೇ. ಅಧ್ಯಕ್ಷರ ಮನೆಗೆ ಬಂದ ಮೇಲೆ ಕಾರ್ಯದರ್ಶಿಗಳ ಮನೆಗೆ ಬೇಡವೇ? ಅವರು ವಕೀಲರು. ಅವರಿಗೆ ಬಂದ ಮೇಲೆ ಉಳಿದ ಸದಸ್ಯರು ಮುಖ ಊದಿಸಿಕೊಂಡರು. ಹೀಗೆ ರೋಗಿಗಳಿಗೆಂದು ತಂದ ವೈರ್‌ಲೆಸ್ಸಿನಲ್ಲಿ ಆಂಬುಲೆನ್ಸುಗಳಿಗಿಂತ ಧಣಿಗಳೇ ಹೆಚ್ಚಾದರು. ಇದಕ್ಕೆ ಅವರು ಮೇಲ್ವಿಚಾರಣೆ ಎಂದು ಹೆಸರಿಟ್ಟರು. ಬೆಳಿಗ್ಗೆ ತಿಂಡಿ ಏನು ಎಂದು ಒಬ್ಬರು ಇನ್ನೊಬ್ಬರನ್ನು ಕೇಳುವುದು ಆ ಮೇಲ್ವಿಚಾರಣೆಯ ಮುಖ್ಯ ಭಾಗವಾಗಿತ್ತು.

ಆ ಸೆಟ್ಟುಗಳ ಸ್ವಭಾವವನ್ನು ಇಲ್ಲಿ ಹೇಳಬೇಕು. ಎಲ್ಲರಿಗೂ ಸೇರಿ ಒಂದೇ ದಾರಿ. ಗುಂಡಿ ಒತ್ತಿದರೆ ಮಾತಾಡಬಹುದು, ಬಿಟ್ಟರೆ ಕೇಳಬಹುದು. ಎರಡೂ ಒಟ್ಟಿಗೆ ಆಗುವುದಿಲ್ಲ. ಒಬ್ಬರು ಒತ್ತಿ ಹಿಡಿದರೆ ಉಳಿದವರೆಲ್ಲ ಬಾಯಿ ಮುಚ್ಚಿಕೊಂಡಿರಬೇಕು. ಇಬ್ಬರು ಒಟ್ಟಿಗೆ ಒತ್ತಿದರೆ ಯಾರದೂ ತಿಳಿಯದೆ ಬರೀ ಗೊರಗೊರ ಸದ್ದು. ಶಾಲೆಯ ಮಕ್ಕಳಿಗೆ ಹೇಳಿದ್ದರೆ ಅರ್ಧ ಗಂಟೆಯಲ್ಲಿ ಕಲಿಯುತ್ತಿದ್ದರು. ನಮ್ಮ ಅಧ್ಯಕ್ಷರು ಕಲಿಯಲೇ ಇಲ್ಲ. ಅವರು ಒತ್ತಿದ ಗುಂಡಿಯನ್ನು ಬಿಡುತ್ತಿರಲಿಲ್ಲ. ಪ್ರಶ್ನೆ ಕೇಳಿ, ಗುಂಡಿ ಒತ್ತಿಕೊಂಡೇ ಉತ್ತರಕ್ಕೆ ಕಾದು, ಉತ್ತರ ಬರಲಿಲ್ಲವೆಂದು ಸಿಟ್ಟಾಗಿ, ಆಮೇಲೆ ಫೋನು ಮಾಡಿ ನನ್ನನ್ನು ಬಯ್ಯುತ್ತಿದ್ದರು.

“ಏನಮ್ಮಾ, ಸೆಟ್ಟು ಕೆಟ್ಟೋಗಿದ್ಯಾ? ಅಷ್ಟೊತ್ತಿಂದ ಕೇಳ್ತಾ ಇದ್ದೀನಿ, ಒಂದು ಮಾತಿಲ್ಲ!”

“ಗುಂಡಿ ಬಿಟ್ರೆ ನನ್ನ ಮಾತು ಕೇಳುತ್ತೆ ಸಾರ್.”

“ನಾನ್ಯಾಕಮ್ಮ ಬಿಡ್ಲಿ? ನನ್ ಮಾತಿನ್ನೂ ಮುಗಿದಿಲ್ಲ.”

ಜೀವಮಾನವಿಡೀ ತಾನು ಮಾತಾಡುವಾಗ ಎದುರಿಗಿದ್ದವರು ತಲೆಯಾಡಿಸುವುದನ್ನು ಮಾತ್ರ ನೋಡಿದ ಮನುಷ್ಯ ಅವರು. ಕೇಳಿಸಿಕೊಳ್ಳುವುದಕ್ಕೂ ಒಂದು ಗುಂಡಿ ಬಿಡಬೇಕು ಎಂಬುದು ಅವರಿಗೆ ಅವಮಾನದ ಹಾಗೆ ಕಾಣುತ್ತಿತ್ತು.

ಗೊರಗೊರ ಹೆಚ್ಚಾಗಿ ಗಾಡಿಗಳಿಗೆ ಮಾತು ತಲುಪುವುದೇ ಕಷ್ಟವಾದಾಗ ನಾನೊಂದು ಉಪಾಯ ಹೇಳಿದೆ. ಯಾರೂ ತಾವಾಗಿ ಮಾತಾಡುವುದು ಬೇಡ. ನಾನು ಕಚೇರಿಯಿಂದ ಒಬ್ಬೊಬ್ಬರನ್ನೇ ಸರದಿಯಂತೆ ಕರೆಯುತ್ತೇನೆ. ಕರೆದವರು ಇದ್ದರೆ ಮಾತಾಡಲಿ, ಇಲ್ಲದಿದ್ದರೆ ಮುಂದಿನವರನ್ನು ಕರೆಯುತ್ತೇನೆ. ಇದಕ್ಕೆ ಗಡಿಯಾರವೂ ಬೇಡ, ಜಗಳವೂ ಇಲ್ಲ. ಅಧ್ಯಕ್ಷರು ಕನ್ನಡಕ ತೆಗೆದು ನನ್ನನ್ನು ನೋಡಿದರು.

“ನೀನು ಹೆಸರು ಕೂಗ್ತೀಯ, ನಾನು ಬಂದೆ ಅಂತ ಹೇಳ್ಬೇಕು. ಅಂದ್ರೆ ನಾನೇನು ಕಚೇರಿ ಜವಾನನೇನಮ್ಮ?”

ಕಾರ್ಯದರ್ಶಿಗಳು ಅದಕ್ಕೆ ವಕೀಲರ ಗತ್ತಿನಲ್ಲಿ ಹೂಂಗುಟ್ಟಿದರು. ಕೋರ್ಟಿನಲ್ಲಿ ದಿನಾ ಹೆಸರು ಕೂಗಿಸಿಕೊಂಡು ಓಡುವ ಮನುಷ್ಯ, ಒಬ್ಬ ಹುಡುಗಿ ಕರೆದರೆ ಮರ್ಯಾದೆ ಹೋಗುತ್ತದಂತೆ. ಉಪಾಯ ಅಲ್ಲಿಗೇ ಸತ್ತಿತು.

ಕೊನೆಗೆ ಗಂಟೆಯನ್ನೇ ಹಂಚಿದೆ. ಪ್ರತಿ ಗಂಟೆಯ ಮೊದಲ ಭಾಗ ಕಚೇರಿಗೆ ಮತ್ತು ಗಾಡಿಗಳಿಗೆ. ಆಮೇಲೆ ಒಬ್ಬೊಬ್ಬ ಸದಸ್ಯರಿಗೆ ಕೆಲವೇ ನಿಮಿಷ. ಒಬ್ಬರ ಸರದಿಗೂ ಇನ್ನೊಬ್ಬರ ಸರದಿಗೂ ನಡುವೆ ಚೂರು ಖಾಲಿ ಸಮಯ, ಯಾರ ಗಡಿಯಾರವಾದರೂ ಸ್ವಲ್ಪ ಹಿಂದೆ ಮುಂದೆ ಇದ್ದರೆ ಡಿಕ್ಕಿಯಾಗದಿರಲಿ ಎಂದು. ತುರ್ತು ಕರೆ ಬಂದರೆ ಎಲ್ಲರೂ ಮಾತು ನಿಲ್ಲಿಸತಕ್ಕದ್ದು. ಚೆನ್ನಾಗಿಯೇ ಮಾಡಿದ್ದೆ ಎಂದು ಈಗಲೂ ಹೇಳುತ್ತೇನೆ. ಸಮಿತಿ ಅದನ್ನು ಕೈಗೆತ್ತಿಕೊಂಡು ಸರಿಪಡಿಸಿತು. ಲಗ್ನಪತ್ರಿಕೆಯಲ್ಲಿ ಹೆಸರು ಹಾಕುವ ಕ್ರಮದಲ್ಲಿ ಸರದಿ ಇರಬೇಕೆಂದರು: ಮೊದಲು ಅಧ್ಯಕ್ಷರು, ಆಮೇಲೆ ಕಾರ್ಯದರ್ಶಿ, ಆಮೇಲೆ ವಯಸ್ಸು ನೋಡಿ ಸದಸ್ಯರು, ಎಲ್ಲರ ಕೊನೆಗೆ ಕಚೇರಿ ಮತ್ತು ಗಾಡಿಗಳು. ನಡುವಿನ ಖಾಲಿ ಸಮಯವನ್ನು ನೋಡಿ ಅಧ್ಯಕ್ಷರು ಹೌಹಾರಿದರು. ಗೋದಾಮಿನಲ್ಲಿ ಮೂಟೆಗೂ ಮೂಟೆಗೂ ನಡುವೆ ಜಾಗ ಬಿಟ್ಟರೆ ಹಮಾಲಿಗೆ ಬಯ್ಯುವ ಮನುಷ್ಯ ಅವರು. “ಇದ್ಯಾಕೆ ದಂಡ?” ಎಂದು ಅದನ್ನೆಲ್ಲ ಹೊಡೆದು ಹಾಕಿ ತಮ್ಮ ಸರದಿಗೆ ಸೇರಿಸಿಕೊಂಡರು.

ಅಷ್ಟಾದರೂ ನಡೆಯುತ್ತಿತ್ತೋ ಏನೋ, ನಮ್ಮ ಊರಿನ ಮನೆಗಳಲ್ಲಿ ಗಡಿಯಾರಗಳು ಸರಿಯಾದ ಸಮಯ ತೋರಿಸುವ ಪದ್ಧತಿ ಇದ್ದಿದ್ದರೆ. ಇರಲಿಲ್ಲ. ಅನುಕೂಲಸ್ಥರ ಮನೆಯ ಗಡಿಯಾರ ಯಾವಾಗಲೂ ಸ್ವಲ್ಪ ಮುಂದೆ ಇರುತ್ತಿತ್ತು. ಹೊತ್ತಿಗೆ ಮುಂಚೆ ಎಚ್ಚರವಾಗಲಿ, ಬಸ್ಸು ತಪ್ಪದಿರಲಿ, ಮುಹೂರ್ತ ಮೀರದಿರಲಿ ಎಂದು. ಎಷ್ಟು ಮುಂದೆ ಎನ್ನುವುದು ಆಯಾ ಮನೆತನದ ವಿಚಾರ. ಅಧ್ಯಕ್ಷರದು ಹತ್ತು ನಿಮಿಷ. ಕಾರ್ಯದರ್ಶಿಗಳದು ಕಾಲು ಗಂಟೆ, ಅವರ ತಂದೆಯ ಕಾಲದಿಂದ. ಉಳಿದವರದು ಅವರವರಿಗೆ ತೋಚಿದಷ್ಟು. ಸರದಿಯ ಪಟ್ಟಿಯನ್ನು ಹೀಗೆ ಬೇರೆ ಬೇರೆ ಗಡಿಯಾರ ನೋಡಿಕೊಂಡು ಪಾಲಿಸಿದರೆ ಏನಾಗುತ್ತದೆ? ಪಟ್ಟಿ ಇಲ್ಲದಿದ್ದಾಗ ಆಗೊಮ್ಮೆ ಈಗೊಮ್ಮೆ ಆಗುತ್ತಿದ್ದ ಡಿಕ್ಕಿ ಈಗ ಪ್ರತಿ ಗಂಟೆಯೂ ತಪ್ಪದೆ ಆಗತೊಡಗಿತು.

ನಾನು ಬೆಳಿಗ್ಗೆ ಕೆಲಸ ಶುರುಮಾಡುವಾಗ ಸರಿಯಾದ ಸಮಯವನ್ನು ಸೆಟ್ಟಿನಲ್ಲಿ ಹೇಳಿ, ದಯವಿಟ್ಟು ಎಲ್ಲರೂ ಗಡಿಯಾರ ಇದಕ್ಕೆ ಇಟ್ಟುಕೊಳ್ಳಿ ಎಂದು ಕೇಳಿಕೊಳ್ಳತೊಡಗಿದೆ. ಒಂದು ವಾರ ಕಳೆದರೂ ಗೊರಗೊರ ನಿಲ್ಲಲಿಲ್ಲ. ಅಧ್ಯಕ್ಷರನ್ನು ವಿಚಾರಿಸಿದೆ.

“ನೀನು ಹೇಳಿದ ಟೈಮೇ ಇಟ್ಕೊಂಡಿದ್ದೀನಿ ಕಣಮ್ಮ. ಅದರ ಮೇಲೆ ಹತ್ತು ನಿಮಿಷ ಹಾಕಿದ್ದೀನಿ, ಅಷ್ಟೇ.”

ಇದಕ್ಕೆ ಏನು ಹೇಳುವುದು? ಮನುಷ್ಯನಿಗೆ ಬುದ್ಧಿ ಇಲ್ಲದಿದ್ದರೆ ಸಹಿಸಬಹುದು. ಬುದ್ಧಿ ಇಲ್ಲದವನು ಮುಂಜಾಗ್ರತೆ ಮಾಡತೊಡಗಿದರೆ ದೇವರೇ ಗತಿ.

ಮುಂದೆ, ಎರಡು ಸಾವಿರನೇ ಇಸವಿಯ ಈಚೆಗೆ, ನಾನು ಮೊಬೈಲ್ ಟವರುಗಳ ಕೆಲಸಕ್ಕೆ ಸೇರಿದೆ. ಅಲ್ಲಿ ತರಬೇತಿಯಲ್ಲಿ ಬೋರ್ಡಿನ ಮೇಲೆ ಚಿತ್ರ ಬರೆದು ವಿವರಿಸಿದರು: ಒಂದೇ ತರಂಗವನ್ನು ಹಲವು ಫೋನುಗಳು ಹಂಚಿಕೊಳ್ಳುತ್ತವೆ, ಪ್ರತಿಯೊಂದಕ್ಕೂ ಕಣ್ಣು ಮಿಟುಕಿಸುವುದಕ್ಕಿಂತ ಚಿಕ್ಕ ಸರದಿ, ಸರದಿಗಳ ನಡುವೆ ಕಾವಲಿಗೆ ಚೂರು ಖಾಲಿ. ನಾನು ಕೂತಲ್ಲೇ ನಕ್ಕೆ. ಅಲ್ಲೂ ಮುಂದಿಟ್ಟುಕೊಳ್ಳುವ ಪದ್ಧತಿ ಇದೆ. ದೂರದ ಫೋನಿನ ಮಾತು ಟವರಿಗೆ ಬರುವುದು ತಡವಾಗುತ್ತದೆಂದು ಅದು ಸ್ವಲ್ಪ ಮುಂಚೆಯೇ ಶುರುಮಾಡುತ್ತದೆ. ಆದರೆ ಎಷ್ಟು ಮುಂಚೆ ಎಂದು ಟವರು ಅಳೆದು ಹೇಳುತ್ತದೆ, ಫೋನು ಮರುಮಾತಿಲ್ಲದೆ ಕೇಳುತ್ತದೆ. ನಮ್ಮಪ್ಪನ ಕಾಲದಿಂದ ಕಾಲು ಗಂಟೆ ಎಂದು ಯಾವ ಫೋನೂ ವಾದಕ್ಕೆ ನಿಲ್ಲುವುದಿಲ್ಲ. ಫೋನುಗಳಿಗೆ ಸನ್ಮಾನ, ಶಾಲು, ಸಮಿತಿ ಯಾವುದೂ ಇಲ್ಲವಲ್ಲ, ಅದಕ್ಕೇ ಇರಬೇಕು.

ಮಂಡಿಯಲ್ಲಿ ನಾನು ಹೇಳಿದ ಸಮಯಕ್ಕೆ ಗಡಿಯಾರ ಇಟ್ಟುಕೊಳ್ಳುತ್ತಿದ್ದವನು ಒಬ್ಬನೇ, ಹೂಟಗಳ್ಳಿ ಗಾಡಿಯ ಡ್ರೈವರ್. ಅವನನ್ನು ಸಂತನೆಂದು ತಿಳಿಯಬೇಡಿ. ಬೀಡಿ ಸೇದುತ್ತಿದ್ದ, ಮಧ್ಯಾಹ್ನ ಸ್ಟ್ರೆಚರಿನ ಮೇಲೆ ಮಲಗಿ ಗೊರಕೆ ಹೊಡೆಯುತ್ತಿದ್ದ, ಎಲ್ಲದಕ್ಕೂ ಗೊಣಗುತ್ತಿದ್ದ. ಸಮಯ ಸರಿ ಇಟ್ಟುಕೊಳ್ಳುತ್ತಿದ್ದುದು ಬರೀ ಹೆದರಿಕೆಯಿಂದ. ಹಿಂದೆ ಲಾರಿ ಓಡಿಸುತ್ತಿದ್ದ. ವರ್ಷಗಟ್ಟಲೆ ಬೊಂಬಾಯಿ ದಾರಿಯಲ್ಲಿ ತಿರುಗಿ ಸೊಂಟ ಹಾಳಾಗಿತ್ತು. ಇನ್ನು ಲಾರಿ ಹತ್ತಿದರೆ ಹಾಸಿಗೆ ಹಿಡಿಯುತ್ತೀಯ ಎಂದು ಡಾಕ್ಟರು ಹೇಳಿದ್ದರು. ಊರಿನ ಹೊಲ ಅಣ್ಣತಮ್ಮಂದಿರಲ್ಲಿ ಹಂಚಿಹೋಗಿ ಇವನ ಪಾಲಿಗೆ ಬದು ಮಾತ್ರ ಉಳಿದಿತ್ತು. ಸಂಜೆ ಮನೆಗೆ ಹೋಗಿ ಮಕ್ಕಳ ಮುಖ ನೋಡುವಂಥ ಡ್ರೈವರ್ ಕೆಲಸ ಸಿಕ್ಕಿದ್ದು ಇದೊಂದೇ. ಒಮ್ಮೆ ಅಪ್ಪಣೆಯಿಲ್ಲದೆ ಗಾಡಿ ತೆಗೆದನೆಂದು ಅಧ್ಯಕ್ಷರು ಎಲ್ಲರ ಮುಂದೆ ಉಗಿದು, ಇನ್ನೊಂದು ತಪ್ಪಾದರೆ ಮನೆಗೆ ಹೋಗು ಎಂದಿದ್ದರು. ಆಮೇಲಿಂದ ಅವನು ಸೆಟ್ಟಿನಲ್ಲಿ ಅಪ್ಪಣೆ ಬರದೆ ಚಕ್ರ ಉರುಳಿಸುತ್ತಿರಲಿಲ್ಲ.

ಆ ದಿನ ಊಟದ ಹೊತ್ತಿಗೆ ಇನ್ನೂ ಸಮಯವಿತ್ತು. ಕಚೇರಿಗೆ ಫೋನು ಬಂತು. ಹೂಟಗಳ್ಳಿಯ ಹೊಸ ಬಡಾವಣೆಯಲ್ಲಿ ಒಬ್ಬ ಹೆಂಗಸಿಗೆ ಹೆರಿಗೆ ನೋವು, ಅವಳ ತಮ್ಮ ಬೂತಿನಿಂದ ಮಾತಾಡುತ್ತಿದ್ದ. ನನ್ನ ಗಡಿಯಾರದ ಪ್ರಕಾರ ಅದು ಕಚೇರಿಯ ಸರದಿಯೇ. ಗಾಡಿಯನ್ನು ಕರೆಯಲು ಸೆಟ್ಟು ಎತ್ತಿಕೊಂಡರೆ ಅದರೊಳಗೆ ಅಧ್ಯಕ್ಷರು. ಅವರ ಗಡಿಯಾರದಲ್ಲಿ ಆಗಲೇ ಮುಂದಿನ ಗಂಟೆ ಹೊಡೆದಿತ್ತು. ಟ್ರಸ್ಟಿನ ವಾರ್ಷಿಕೋತ್ಸವದ ಊಟದ ವಿಚಾರ ಮಾತಾಡುತ್ತಿದ್ದರು. “ವಾಂಗಿಬಾತ್ ಇರ್ಲಿ... ಚಿರೋಟಿ ಮಾಡ್ಸೋದಾ... ಮ್...” ಎಂದು ಯೋಚಿಸುತ್ತ ಗುಂಡಿ ಒತ್ತಿಕೊಂಡೇ ಇದ್ದರು. ಅವರ ಮೇಲೆ ಕಾರ್ಯದರ್ಶಿಗಳು. ಅವರ ಗಡಿಯಾರದಲ್ಲಿ ಅವರ ಸರದಿಯೂ ಬಂದಿತ್ತು. ಎರಡು ದನಿ ಕಲೆತು ಗೊರಗೊರ ಎದ್ದಿತು. ನಾನು ತುರ್ತು, ತುರ್ತು ಎಂದು ಕೂಗಿದೆ. ಗುಂಡಿ ಒತ್ತಿ ಕೂತವರಿಗೆ ಯಾರ ತುರ್ತು ಕೇಳಿಸುತ್ತದೆ?

ಅಧ್ಯಕ್ಷರ ಮನೆಗೆ ಫೋನು ಮಾಡಿದೆ. ಅಡುಗೆಯಾಕೆ ಎತ್ತಿದಳು.

“ಯಜಮಾನ್ರು ವೈರ್‌ಲೆಸ್ನಾಗೆ ಕುಂತವ್ರೆ ಕಣಮ್ಮ. ಯಾರೂ ಕರೀಬಾರ್ದು ಅಂತ ಏಳವ್ರೆ.”

“ಆಸ್ಪತ್ರೆ ವಿಷಯ, ಒಂದ್ಸಲ ಗುಂಡಿ ಬಿಡೋಕೆ ಹೇಳಿ.”

“ನಾನ್ ಎಂಗವ್ವ ಏಳ್ಲಿ? ಬಾಗ್ಲು ಆಕ್ಕೊಂಡವ್ರೆ.”

ಕಾರ್ಯದರ್ಶಿಗಳ ಫೋನು ಯಾರೂ ಎತ್ತಲಿಲ್ಲ. ಗಾಡಿ ನಿಲ್ಲುವ ಜಾಗದ ಹತ್ತಿರ ಫೋನೇ ಇರಲಿಲ್ಲ. ಅದಕ್ಕಲ್ಲವೇ ವೈರ್‌ಲೆಸ್ ತಂದದ್ದು. ಕೊನೆಗೆ ಚಿರೋಟಿ ಬೇಡವೆಂದು ತೀರ್ಮಾನವಾಗಿ ದಾರಿ ತೆರವಾಯಿತು. ನನ್ನ ಮಾತು ಕೇಳಿದ ಕೂಡಲೇ ಡ್ರೈವರ್ ಹೊರಟ. ಮನೆ ತಲುಪಿದಾಗ ಬಾಗಿಲಿಗೆ ಬೀಗ ಹಾಕಿತ್ತು. ಅವಳನ್ನು ಆಟೋದಲ್ಲಿ ಕೂರಿಸಿಕೊಂಡು ಹೋಗಿದ್ದರು. ಆಸ್ಪತ್ರೆಯ ಗೇಟು ದಾಟುವಷ್ಟರಲ್ಲಿ ಆಟೋದಲ್ಲೇ ಮಗುವಾಗಿತ್ತು. ತಾಯಿ, ಮಗು ಇಬ್ಬರೂ ಚೆನ್ನಾಗಿದ್ದರು. ಅದು ಆ ತಾಯಿಯ ಪುಣ್ಯ, ಆಟೋದವನ ಚಾಲಾಕಿ. ನಮ್ಮ ಟ್ರಸ್ಟಿನ ಪಾಲು ಅದರಲ್ಲಿ ಏನೂ ಇಲ್ಲ.

ಮರುದಿನ ಅವಳ ತಮ್ಮ ನೇರ ಮಳಿಗೆಗೆ ಬಂದು, ಗಿರಾಕಿಗಳು ತುಂಬಿದ್ದ ಹೊತ್ತಿನಲ್ಲಿ, ಅಧ್ಯಕ್ಷರ ಮುಖಕ್ಕೆ ಹೇಳಬೇಕಾದದ್ದನ್ನೆಲ್ಲ ಹೇಳಿದ. ಅವನ ಬಾಯಿಗೆ ಸಕ್ಕರೆ ಹಾಕಬೇಕೆನಿಸಿತು ನನಗೆ. ಅಕ್ಕಪಕ್ಕದ ಮಂಡಿಯವರೆಲ್ಲ ಹೊರಬಂದು ನೋಡಿದರು. ಅಧ್ಯಕ್ಷರ ಮರ್ಯಾದೆ ಬೀದಿಗೆ ಬಂತು. ಹೆಂಗಸು ಆಟೋದಲ್ಲಿ ಹೆತ್ತಿದ್ದಕ್ಕೆ ಸೇರದ ಸಮಿತಿ ಇದಕ್ಕೆ ಅದೇ ಸಂಜೆ ಸೇರಿತು. ತಪ್ಪು ಡ್ರೈವರನದೆಂದು ಬರುವಾಗಲೇ ನಿರ್ಧರಿಸಿಕೊಂಡು ಬಂದಿದ್ದರು. ಅವನನ್ನು ಕೆಲಸದಿಂದ ತೆಗೆಯುವುದೊಂದು ಬಾಕಿ ಇತ್ತು.

ಅವನು ಚಪ್ಪಲಿ ಕಳಚಿ ಬಾಗಿಲ ಹತ್ತಿರ ನಿಂತಿದ್ದ. ಸೊಂಟದ ಮೇಲೆ ಒಂದು ಕೈ ಊರಿಕೊಂಡು, ಬರೀ ನೆಲ ನೋಡುತ್ತಿದ್ದ. ಬೋಂಡ ಕಾಫಿ ಸರಬರಾಜಾಯಿತು. ನನ್ನಿಂದ ತಡೆಯಲಾಗಲಿಲ್ಲ.

“ತೀರ್ಮಾನಕ್ಕೆ ಮುಂಚೆ ಎಲ್ಲರೂ ಒಂದ್ಸಲ ವಾಚು ಬಿಚ್ಚಿ ಮೇಜಿನ ಮೇಲೆ ಇಡ್ತೀರಾ ಸಾರ್?” ಎಂದೆ.

ಕುತೂಹಲಕ್ಕೆ ಇಟ್ಟರು. ಚಿನ್ನದ ಪಟ್ಟಿಯವು, ವಿದೇಶದಿಂದ ಬಂದವು, ಒಂದಕ್ಕಿಂತ ಒಂದು ಬೆಲೆಯವು. ಒಂದರ ಸಮಯ ಇನ್ನೊಂದಕ್ಕೆ ಹೊಂದುತ್ತಿರಲಿಲ್ಲ. ಡ್ರೈವರನ ವಾಚನ್ನೂ ಬಿಚ್ಚಿಸಿ ಪಕ್ಕದಲ್ಲಿಟ್ಟೆ. ಮೂಲೆಯ ರೇಡಿಯೋ ಹಾಕಿ ವಾರ್ತೆಯ ಮುಂಚಿನ ಸಮಯ ಕೇಳಿಸಿದೆ. ಅವನ ವಾಚೊಂದೇ ಸರಿಯಾಗಿತ್ತು. ಇಷ್ಟು ಕಣ್ಣಿಗೆ ಕಂಡ ಮೇಲೆ ಇನ್ನು ಮಾತಾಡುವುದೇನಿದೆ ಎಂದುಕೊಂಡೆ.

ಮಾತಾಡಲು ಬಹಳ ಇತ್ತು. ಕಾಲು ಗಂಟೆ ಮುಂದಿಟ್ಟಿದ್ದರಿಂದ ತಾವು ಜೀವನದಲ್ಲಿ ಒಂದು ರೈಲೂ ತಪ್ಪಿಸಿಕೊಂಡಿಲ್ಲವೆಂದು ಕಾರ್ಯದರ್ಶಿಗಳು ಹೇಳಿದರು. ಅತಿಯಾಯಿತು, ಹತ್ತು ನಿಮಿಷವೇ ಶ್ರೇಷ್ಠ ಎಂದು ಅಧ್ಯಕ್ಷರು. ಏಳು ನಿಮಿಷದವರೊಬ್ಬರು ಇಬ್ಬರನ್ನೂ ಸಮಾಧಾನ ಮಾಡಿದರು. ಹೆರಿಗೆ, ಆಟೋ, ಗೊರಗೊರ ಎಲ್ಲ ಮರೆತುಹೋಗಿ, ಯಾರ ಮನೆಯ ಗಡಿಯಾರದಲ್ಲಿ ಶಿಸ್ತು ಹೆಚ್ಚು ಎಂದು ಚರ್ಚೆ ನಡೆಯಿತು. ಕೊನೆಗೆ ಅಧ್ಯಕ್ಷರು ಬಾಯಿ ಒರೆಸಿಕೊಂಡು, ಎಲ್ಲ ತಿಳಿದವರ ಹಾಗೆ ಹೇಳಿದರು:

“ಅಂದ್ರೆ ಲೆಕ್ಕ ಇಷ್ಟೇ ಕಣ್ರೀ. ನಾವೆಲ್ಲಾ ಮುಂದಿದ್ದೀವಿ. ಇವನೊಬ್ಬ ಹಿಂದಿದ್ದಾನೆ.”

ಸಮಿತಿ ತಲೆಯಾಡಿಸಿತು. ನಾನು ಎದ್ದು ಬಾಯಿ ತೆರೆದೆ. ಅಷ್ಟರಲ್ಲಿ ಬಾಗಿಲ ಕಡೆಯಿಂದ ದನಿ ಬಂತು.

“ತಪ್ಪಾಯ್ತು ಯಜಮಾನ್ರೇ. ನನ್ ವಾಚೇ ಇಂದಿತ್ತು. ಇದೊಂದ್ಸಾರಿ ಮಾಪ್ ಮಾಡ್ಬುಡಿ.”

ಅಧ್ಯಕ್ಷರ ಮುಖ ಅರಳಿತು. ತಪ್ಪು ಒಪ್ಪಿಕೊಂಡವನನ್ನು ಕ್ಷಮಿಸುವುದು ದೊಡ್ಡತನವೆಂದು ಪುಟ್ಟ ಭಾಷಣ ಮಾಡಿದರು. ಕೆಲಸ ಉಳಿಯಿತು. ಆಮೇಲೆ ಅವನನ್ನು ಹತ್ತಿರ ಕರೆದು, ಅವನ ವಾಚಿನ ತಿರುಪು ಎಳೆದು, ತಮ್ಮ ಕೈಯಿಂದಲೇ ಮುಳ್ಳನ್ನು ಹತ್ತು ನಿಮಿಷ ಮುಂದೆ ತಿರುಗಿಸಿ, “ಇನ್ಮೇಲೆ ಹಿಂಗೇ ಇಟ್ಕೋ” ಎಂದು ಕೊಟ್ಟರು. ಅವನು ಎರಡೂ ಕೈ ಚಾಚಿ, ಪ್ರಸಾದ ತೆಗೆದುಕೊಳ್ಳುವ ಹಾಗೆ ತೆಗೆದುಕೊಂಡ.

ಮೆಟ್ಟಿಲಿಳಿಯುವಾಗ ಅವನನ್ನು ತಡೆದು ನಿಲ್ಲಿಸಿದೆ.

“ನಿಮ್ಮದು ಸರಿ ಇತ್ತಲ್ಲ! ಎಲ್ಲರ ಎದುರಿಗೇ ತೋರಿಸಿದೆ. ಯಾಕೆ ಹಾಗಂದ್ರಿ?”

ಅವನು ಚಪ್ಪಲಿ ಮೆಟ್ಟಿಕೊಂಡು, ವಾಚು ಕಟ್ಟಿಕೊಳ್ಳುತ್ತ, ನನ್ನ ಮುಖವನ್ನೂ ನೋಡದೆ ಹೇಳಿದ.

“ನಂದು ಸರಿ ಐತೆ ಅಂತ ನಂಗೊತ್ತಿಲ್ವೇನಮ್ಮ? ನೀವು ತೋರ್ಸಿ ತೋರ್ಸಿ ಅವ್ರ ಮುಖ ಕೆಂಪಾಗ್ತಿತ್ತು. ಇನ್ನೊಂದ್ ಮಾತು ಆಡಿದ್ರೆ ನಾನು ನಾಳೆ ಲಾರಿ ಅತ್ಬೇಕಿತ್ತು. ಆ ಸರಿ ಇಟ್ಕಂಡು ನಾನೇನ್ ಮಾಡ್ಲಿ?”

ಮೇಲೆ ಸಮಿತಿಯವರು ಎರಡನೇ ಸಲ ಕಾಫಿ ತರಿಸುತ್ತಿದ್ದರು. ಅವನು ಸೊಂಟ ಹಿಡಿದುಕೊಂಡು, ಕಂಬಿಗೆ ಕೈಯೂರಿ ಒಂದೊಂದೇ ಮೆಟ್ಟಿಲು ಇಳಿದು, ಮಕ್ಕಳು ಮಲಗುವ ಮುಂಚೆ ಮನೆ ಸೇರಲು ಹೊರಟ.